ನೋವು ನುಂಗುವುದು ತಪಸ್ಸಲ್ಲ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಈ ಶ್ರಾವಣದ ಪ್ರವಚನಮಾಲೆಯಲ್ಲಿ ಅಷ್ಟಾವರಣಗಳ ವಿಚಾರವನ್ನು ಎತ್ತಿಕೊಂಡು, ಗುರು, ಲಿಂಗ, ಜಂಗಮ ಎಂಬ ಮೂರು ತತ್ತ್ವಗಳನ್ನು ಯಥಾಶಕ್ತಿ ವಿವರಿಸಿದ್ದಾಯಿತು. ಕ್ರಮವಾಗಿ ಇಂದು ಪಾದೋದಕದ ವಿಷಯ ಬರಬೇಕಾಗಿತ್ತು. ಅದನ್ನು ನಾಳೆಗೆ ಇರಿಸಿಕೊಂಡು, ಇಂದು ಬೇರೊಂದು ಮಾತನ್ನು ನಿಮ್ಮ ಮುಂದೆ ಇಡಬೇಕೆಂದು ಸಂಕಲ್ಪಿಸಿದ್ದೇವೆ. ಅದು ಶರೀರದ ನೋವಿನ ಮಾತು. ಇಂದು ಬಂದು ನಾಳೆ ಹೋಗುವ ನೋವಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೊಣಕಾಲಿನಲ್ಲಿ, ಸೊಂಟದಲ್ಲಿ, ಕುತ್ತಿಗೆಯಲ್ಲಿ ಮನೆ ಮಾಡಿಕೊಂಡು ಕುಳಿತ ನೋವು. “ಇದು ವೈದ್ಯರು ಆಡತಕ್ಕ ಮಾತು, ಸ್ವಾಮಿಗಳಿಗೇಕೆ?” ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ಮಾತನ್ನು ಇಷ್ಟು ವರ್ಷ ಆಡದೆ ಇದ್ದುದೇ ನಮ್ಮ ತಪ್ಪು. ಆ ತಪ್ಪು ಏನೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಧರ್ಮದಲ್ಲಿ ಶರೀರದ ಸ್ಥಾನ ಯಾವುದೆಂಬುದನ್ನು ನೋಡೋಣ. ಮಹಾಕವಿ ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ, ಶಿವನನ್ನು ಪಡೆಯಲೆಂದು ಪಾರ್ವತಿ ಘೋರವಾದ ತಪಸ್ಸಿಗೆ ನಿಂತಿದ್ದಾಳೆ. ಆಗ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಅವಳ ಆಶ್ರಮಕ್ಕೆ ಬರುತ್ತಾನೆ. ಬಂದವನು ಕೇಳುವ ಕುಶಲಪ್ರಶ್ನೆಗಳಲ್ಲಿ ಒಂದು, ನಿನ್ನ ಶಕ್ತಿಯ ಅಳತೆಯನ್ನು ನೋಡಿಕೊಂಡು ತಪಸ್ಸು ಮಾಡುತ್ತಿರುವೆಯಷ್ಟೆ ಎಂಬುದು. ಶರೀರ ಕೆಟ್ಟರೆ ಧರ್ಮಾಚರಣೆಗೆ ಉಪಕರಣವೇ ಇಲ್ಲದಾಗುತ್ತದೆ ಎಂಬುದು ಆ ಪ್ರಶ್ನೆಯ ಆಶಯ. ಯಾರಿಗಾಗಿ ತಪಸ್ಸು ನಡೆದಿದೆಯೋ ಆ ಶಿವನೇ ಬಂದು ಶರೀರದ ಯೋಗಕ್ಷೇಮವನ್ನು ವಿಚಾರಿಸಿದ ಮೇಲೆ, ಶರೀರವನ್ನು ಹಿಂಸಿಸಿ ಶಿವನನ್ನು ಮೆಚ್ಚಿಸುತ್ತೇವೆ ಎಂಬುದಕ್ಕೆ ಅರ್ಥವೆಲ್ಲಿದೆ? ಬಸವಣ್ಣನವರು ದೇಹವನ್ನು ದೇವಾಲಯಕ್ಕೆ ಹೋಲಿಸಿದ್ದು ನಿಮಗೆಲ್ಲ ತಿಳಿದಿದೆ. ಊರ ಗುಡಿಯ ಗೋಡೆ ಬಿರುಕು ಬಿಟ್ಟರೆ ಊರೇ ಕೂಡಿ ಪಟ್ಟಿ ಎತ್ತಿ ದುರಸ್ತಿ ಮಾಡಿಸುತ್ತದೆ. ಅಂದಮೇಲೆ ಈ ನಡೆದಾಡುವ ಗುಡಿಯ ಬಿರುಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗುವುದು ಯಾವ ಭಕ್ತಿ?

ನೋವು ಸ್ವಭಾವತಃ ಶತ್ರುವಲ್ಲ. ನೋವೇ ತಿಳಿಯದ ಮಕ್ಕಳು ಅತ್ಯಂತ ವಿರಳವಾಗಿ ಹುಟ್ಟುವುದುಂಟು. ಅಂಥ ಮಗು ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡರೂ ಅದಕ್ಕೆ ತಿಳಿಯದು. ಕೆಂಡ ಮುಟ್ಟಿದರೂ ಕೈ ಹಿಂದೆಗೆಯದು. ಎಲುಬು ಮುರಿದರೂ ಆ ಕಾಲಿನ ಮೇಲೆಯೇ ನಡೆಯುತ್ತದೆ. ನೋವಿಲ್ಲದ ಬಾಳು ಭಾಗ್ಯದ ಬಾಳೆಂದು ನಾವು ತಿಳಿದರೆ, ಆ ಮಕ್ಕಳ ತಂದೆತಾಯಿಗಳು ಅದನ್ನು ಒಪ್ಪಲಾರರು. ನೋವು ತೋಟದ ಮನೆಯ ನಾಯಿ ಇದ್ದಂತೆ. ಕಳ್ಳ ಬಂದಾಗ ಅದು ಬೊಗಳುತ್ತದೆ, ಒಡೆಯ ಏಳುತ್ತಾನೆ, ಕಳ್ಳ ಓಡುತ್ತಾನೆ, ನಾಯಿ ಸುಮ್ಮನಾಗುತ್ತದೆ. ಇಷ್ಟು ದಿನದ ನೋವು ಉಪಕಾರಿ.

ಆದರೆ ಕಳ್ಳ ಓಡಿಹೋದ ಮೇಲೂ ನಾಯಿ ಬೊಗಳುತ್ತಲೇ ಇದ್ದರೆ? ಎಲೆ ಅಲುಗಿದರೂ ಬೊಗಳಿದರೆ, ಮನೆಯವರು ಬಂದರೂ ಬೊಗಳಿದರೆ? ಅಂಥ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ನಿದ್ರೆಯಿಲ್ಲದವರಿಗೆ ಮರುದಿನದ ಕೆಲಸವಿಲ್ಲ. ಮೂರು ತಿಂಗಳನ್ನು ಮೀರಿ ಉಳಿದ, ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಅಂಥ ನೋವಿನಲ್ಲಿ ಅನೇಕ ಸಲ ನರಗಳು, ಬೆನ್ನುಹುರಿ ಮತ್ತು ಮಿದುಳು ನೋವನ್ನು ಅಭ್ಯಾಸ ಮಾಡಿಕೊಂಡುಬಿಡುತ್ತವೆ. ಗಾಯ ಮಾಯ್ದಿದ್ದರೂ ನೋವು ಮಾಯುವುದಿಲ್ಲ. ಸ್ವಲ್ಪ ಮುಟ್ಟಿದರೂ ಬಹಳ ನೋಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕವಾದ ಸ್ಥಾನ ದೊರೆತಿದೆ. ಬೇರೊಂದು ರೋಗದ ಕುರುಹಾಗಿರದೆ ನೋವೇ ಒಂದು ರೋಗವಾಗಿ ನಿಲ್ಲುವುದುಂಟೆಂದು ಅಲ್ಲಿ ಒಪ್ಪಿದ್ದಾರೆ. “ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಇದೆಲ್ಲ ನೆಪ” ಎಂದು ಮನೆಯ ಸೊಸೆಯನ್ನೋ ಅತ್ತೆಯನ್ನೋ ಹಂಗಿಸುವವರು ಈ ಮಾತನ್ನು ಲಕ್ಷ್ಯವಿಟ್ಟು ಕೇಳಬೇಕು.

ನಮ್ಮ ಪ್ರಾಚೀನರೂ ಇದನ್ನು ವಿಚಾರಿಸದೆ ಬಿಟ್ಟಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ವೇದನೆಗಳಿಗೆ ಆಶ್ರಯ ಯಾವುದೆಂಬ ಪ್ರಶ್ನೆ ಬರುತ್ತದೆ. ಮನಸ್ಸು ಮತ್ತು ಇಂದ್ರಿಯಸಹಿತವಾದ ದೇಹ ಎಂಬುದು ಅಲ್ಲಿಯ ಉತ್ತರ. ಕೂದಲು, ಉಗುರಿನ ತುದಿ ಮೊದಲಾದುವನ್ನು ಮಾತ್ರ ಹೊರಗಿರಿಸಿದ್ದಾರೆ. ದೇಹ ಒಂದೇ ಅಲ್ಲ, ಮನಸ್ಸು ಒಂದೇ ಅಲ್ಲ, ಎರಡೂ ನೋವಿನ ನೆಲೆ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ವೈದ್ಯಸಂಘವು 2020ರಲ್ಲಿ ನೋವಿನ ಲಕ್ಷಣವನ್ನು ಪರಿಷ್ಕರಿಸುವಾಗ, ಅದು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂಬುದನ್ನೇ ಉಳಿಸಿಕೊಂಡಿತು. ಮೊಣಕಾಲು ನೋಯುವಾಗ ಮೊಣಕಾಲು ಒಂದೇ ನೋಯುವುದಿಲ್ಲ. ಆ ಮೊಣಕಾಲು ಉಳ್ಳ ಮನುಷ್ಯ ನೋಯುತ್ತಾನೆ. ಇದನ್ನು ಮರೆಯಬಾರದು.

ಈಗ ಒಂದು ಅಂಗದ ನೋವು ಇಡೀ ಶರೀರಕ್ಕೆ ಹೇಗೆ ಹಬ್ಬುತ್ತದೆಂಬುದನ್ನು ನೋಡಿರಿ. ನೀವು ಒಕ್ಕಲುಮಕ್ಕಳು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಏನಾಗುತ್ತದೆ? ಇನ್ನೊಂದರ ಹೆಗಲಿಗೆ ಭಾರ ಬೀಳುತ್ತದೆ, ನೊಗ ಓರೆಯಾಗುತ್ತದೆ, ಒಳ್ಳೆಯ ಎತ್ತಿನ ಹೆಗಲೂ ಹುಣ್ಣಾಗುತ್ತದೆ. ಹಾಗೆಯೇ ಬಲಗಾಲು ನೋಯುವವನು ಎಡಗಾಲಿನ ಮೇಲೆ ಭಾರ ಹಾಕಿ ನಡೆಯುತ್ತಾನೆ. ಕೆಲವು ತಿಂಗಳಿಗೆ ಎಡ ಮೊಣಕಾಲು ಹಿಡಿಯುತ್ತದೆ, ಆಮೇಲೆ ಸೊಂಟ ಹಿಡಿಯುತ್ತದೆ. ನೋಯುತ್ತದೆಂದು ನಡೆಯುವುದನ್ನು ಬಿಟ್ಟರೆ ತೊಡೆಯ ಸ್ನಾಯುಗಳು ಕರಗುತ್ತವೆ. ಮೊಣಕಾಲಿನ ಕೀಲನ್ನು ಹಿಡಿದು ನಿಲ್ಲಿಸುವುದು ಆ ಸ್ನಾಯುಗಳೇ ಆದ್ದರಿಂದ, ಅವು ಸೋತಷ್ಟೂ ಕೀಲಿಗೆ ಪೆಟ್ಟು. ಇನ್ನೊಂದು ವಿಶೇಷವಿದೆ. ಕೀಲಿನೊಳಗಿನ ಮೆದು ಎಲುಬಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಅದರೊಳಗಿನ ದ್ರವ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅದಕ್ಕೆ ಆಹಾರ ಮುಟ್ಟಿಸುತ್ತದೆ. ಆಡದ ಕೀಲು ಉಪವಾಸ ಬೀಳುತ್ತದೆ. ಭಾರ ಹೊರದ ಎಲುಬು ಟೊಳ್ಳಾಗುತ್ತ ಹೋಗುತ್ತದೆ. ಸೋತ ಕಾಲಿನವರು ಜಾರಿ ಬೀಳುತ್ತಾರೆ, ಟೊಳ್ಳಾದ ಎಲುಬು ಮುರಿಯುತ್ತದೆ. ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರು ನಿಮ್ಮ ಓಣಿಯಲ್ಲಿಯೂ ಇದ್ದಾರೆ.

ಇಷ್ಟೇ ಅಲ್ಲ. ನೋವು ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ನಿದ್ರೆಗೆಟ್ಟ ಶರೀರ ಮರುದಿನ ಅದೇ ನೋವನ್ನು ಹೆಚ್ಚಾಗಿ ಅನುಭವಿಸುತ್ತದೆ. ನೋವಿನಿಂದ ನಿದ್ರೆ ಹೋಯಿತು, ನಿದ್ರೆ ಹೋದುದರಿಂದ ನೋವು ಬೆಳೆಯಿತು. ಈ ಗಾಣಕ್ಕೆ ಸಿಕ್ಕ ಎತ್ತು ಸುತ್ತುತ್ತಲೇ ಇರುತ್ತದೆ. ನೋವೆಂದರೆ ಅಪಾಯವೆಂದೇ ಶರೀರ ತಿಳಿಯುತ್ತದೆ. ಹಾವು ಕಂಡಾಗ ಎದೆ ಹೊಡೆದುಕೊಂಡು, ರಕ್ತದ ಒತ್ತಡ ಏರಿ, ರಕ್ತಕ್ಕೆ ಸಕ್ಕರೆ ಇಳಿಯುವಂತೆ ಮಾಡುವ ಒಳಗಿನ ರಸಗಳು, ನೋವು ಕಾಡಿದಾಗಲೂ ಸುರಿಯುತ್ತವೆ. ಹಾವು ಕ್ಷಣಹೊತ್ತಿಗೆ ಸರಿದುಹೋಗುತ್ತದೆ, ನೋವು ಹೋಗುವುದಿಲ್ಲ. ಆದ್ದರಿಂದ ಬಿ.ಪಿ. ಇದ್ದವರಿಗೆ ಅದು ಹತೋಟಿಗೆ ಬರುವುದು ಕಷ್ಟ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಇಳಿಯುವುದು ಕಷ್ಟ. ನಡೆದಾಟ ನಿಂತುದರಿಂದ ಮೈತೂಕ ಏರುತ್ತದೆ. ಏರಿದ ತೂಕ ತಿರುಗಿ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಮಲಬದ್ಧತೆ, ಹಸಿವಿಲ್ಲದಿರುವುದು, ದಣಿವು, ಸಿಟ್ಟು, ಯಾರೊಡನೆಯೂ ಮಾತು ಬೇಡವೆನ್ನಿಸುವುದು, ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಲೋಕದಲ್ಲಿ ಬೆಳೆದವರ ಪೈಕಿ ಸುಮಾರು ಐವರಲ್ಲಿ ಒಬ್ಬರು ಇಂಥ ನೋವಿನೊಡನೆ ಬಾಳುತ್ತಿದ್ದಾರೆಂದು ಅಂದಾಜು. ಈ ಸಭೆಯಲ್ಲಿ ಐನೂರು ಜನ ಕುಳಿತಿದ್ದರೆ, ನೂರು ಜನ ಈ ಮಾತನ್ನು ನಾವು ಹೇಳುವ ಮೊದಲೇ ಬಲ್ಲರು.

ಇನ್ನು ನಮ್ಮ ತಪ್ಪಿನ ಮಾತಿಗೆ ಬರುತ್ತೇವೆ. ನಮ್ಮ ಮಠದ ದಾಸೋಹದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ರೊಟ್ಟಿ ಬಡಿದ ಒಬ್ಬ ತಾಯಿ ಇದ್ದಾರೆ. ನಸುಕಿನಲ್ಲಿ ಬಂದು ಒಲೆಯ ಮುಂದೆ ನೆಲಕ್ಕೆ ಕುಳಿತರೆ ಮಧ್ಯಾಹ್ನದ ವರೆಗೆ ಏಳುತ್ತಿರಲಿಲ್ಲ. ಏಳುವಾಗ ಗೋಡೆ ಹಿಡಿದು ಏಳುವುದನ್ನು ನಾವು ಕಂಡಿದ್ದೆವು. “ಏನಾಯ್ತವ್ವಾ?” ಎಂದು ಒಮ್ಮೆ ಕೇಳಿದರೆ, “ಏನಿಲ್ರೀ ಅಪ್ಪಾರ, ವಯಸ್ಸಾತು, ಅಷ್ಟ” ಎಂದರು. ನಾವೂ ಅಷ್ಟಕ್ಕೇ ಸುಮ್ಮನಾದೆವು. ಸುಮ್ಮನಾದುದು ಮಾತ್ರವಲ್ಲ, ಒಂದು ಜಾತ್ರೆಯ ದಿನ ಅವರಿಗೆ ಶಾಲು ಹೊದಿಸಿ, ಸಾವಿರಾರು ಜನರ ಮುಂದೆ, “ಈ ತಾಯಿ ಒಂದು ದಿನವೂ ನೋವೆಂದವರಲ್ಲ, ಇವರೇ ನಿಜವಾದ ತಪಸ್ವಿನಿ” ಎಂದು ಹೊಗಳಿದೆವು. ಆ ಹೊಗಳಿಕೆಯ ಮೇಲೆ ಅವರು ನೋವೆಂದು ಹೇಳುವುದಾದರೂ ಹೇಗೆ? ನಾವು ಶಾಲು ಹೊದಿಸಿದೆವೆಂದುಕೊಂಡೆವು. ನಿಜವಾಗಿ ಬಾಯಿ ಕಟ್ಟಿದೆವು.

ಆ ತಾಯಿ ಏನು ಮಾಡುತ್ತಿದ್ದರೆಂಬುದು ನಮಗೆ ತಡವಾಗಿ ತಿಳಿಯಿತು. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ನೋವಿನ ಗುಳಿಗೆ ತರಿಸಿಕೊಂಡು ದಿನಕ್ಕೆ ಎರಡು, ಮೂರು ನುಂಗುತ್ತಿದ್ದರು. ಹೀಗೆ ಹತ್ತು ವರ್ಷ ನಡೆದಿತ್ತು. ಕಾಲು ಬಾತಾಗ ವಯಸ್ಸೆಂದರು, ಮುಖ ಬಾತಾಗ ನಿದ್ರೆ ಸಾಲದೆಂದರು. ಒಂದು ದಿನ ಒಲೆಯ ಮುಂದೆಯೇ ಉಸಿರು ಸಿಗದೆ ಕುಸಿದಾಗ ಆಸ್ಪತ್ರೆಗೆ ಒಯ್ದೆವು. ರಕ್ತದ ಒತ್ತಡ ಬಹಳ ಏರಿತ್ತು, ಮೂತ್ರಪಿಂಡಗಳೆರಡೂ ಸೋತಿದ್ದವು. ಗೊತ್ತಾಗದೆ ಬೆಳೆದ ಬಿ.ಪಿ.ಯೂ ವರ್ಷಗಟ್ಟಲೆಯ ಗುಳಿಗೆಗಳೂ ಕೂಡಿ ಹೀಗೆ ಮಾಡಿವೆ ಎಂದು ವೈದ್ಯರು ಹೇಳಿದರು. ಈಗ ಅವರು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಹೋಗುತ್ತಾರೆ. ಈ ಕಥೆಯನ್ನು ಹೇಳಬಹುದೇ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೆ: “ಹೆಸರು ಬ್ಯಾಡ್ರೀ ಅಪ್ಪಾರ. ಮಾತು ಹೇಳ್ರಿ.”

ಬಂಧುಗಳೇ, ನೋವಿನ ಗುಳಿಗೆ ವಿಷವಲ್ಲ. ವೈದ್ಯರು ಅಳೆದು ಕೊಟ್ಟಾಗ ಅದು ಉಪಕಾರವನ್ನೇ ಮಾಡುತ್ತದೆ. ಆದರೆ ಅದರ ಶಕ್ತಿ ಎಂಥದೆಂಬುದಕ್ಕೆ ಒಂದು ಸಂಗತಿಯನ್ನು ಕೇಳಿರಿ. ನಮ್ಮ ದೇಶದಲ್ಲಿ ರಣಹದ್ದುಗಳು ಗುಂಪು ಗುಂಪಾಗಿ ಸಾಯತೊಡಗಿದ್ದವು. ಕಾರಣವೇನೆಂಬುದು 2004ರಲ್ಲಿ ಸ್ಥಿರಪಟ್ಟಿತು. ದನಕರುಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದಿದ್ದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. ಮನುಷ್ಯನ ದೇಹ ಹದ್ದಿನ ದೇಹವಲ್ಲ, ಅದು ಈ ಔಷಧವನ್ನು ತಾಳಿಕೊಳ್ಳುತ್ತದೆ. ಆದರೆ ತಾಳಿಕೆಗೂ ಒಂದು ಮಿತಿಯಿದೆ. ಈ ಜಾತಿಯ ಗುಳಿಗೆಗಳನ್ನು ಕೇಳದೆ ಕಾಣದೆ ಬಹುಕಾಲ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ರಕ್ತದ ಒತ್ತಡ ಏರಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿ, ಹೆಸರಿಲ್ಲದ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ಅದು ಎರಡು ದಿನದಲ್ಲಿ ಪವಾಡದಂತೆ ನೋವು ಇಳಿಸುತ್ತದೆ, ಎರಡು ವರ್ಷದಲ್ಲಿ ಎಲುಬನ್ನು ಟೊಳ್ಳು ಮಾಡಿ ಸಕ್ಕರೆ ಏರಿಸುತ್ತದೆ.

ಹಾಗಾದರೆ ಸಹನೆ ಗುಣವಲ್ಲವೇ ಎಂದು ನೀವು ಕೇಳಬಹುದು. ಸಹನೆ ಗುಣವೇ ಹೌದು. ಆದರೆ ಸಹನೆ ಬೇರೆ, ಮೌನ ಬೇರೆ. ತಪ್ಪಿಸಲಾಗದುದನ್ನು ಧೈರ್ಯದಿಂದ ಹೊರುವುದು ಸಹನೆ. ತಪ್ಪಿಸಬಹುದಾದುದನ್ನು ನಾಚಿಕೆಯಿಂದಲೋ ಹೊಗಳಿಕೆಯ ಆಸೆಯಿಂದಲೋ ಹೇಳದೆ ಇರುವುದು ಮೌನ. ಚರಕರ ಅದೇ ಅಧ್ಯಾಯದಲ್ಲಿ, ಯೋಗದಲ್ಲಿಯೂ ಮೋಕ್ಷದಲ್ಲಿಯೂ ಎಲ್ಲ ವೇದನೆಗಳು ನಿಲ್ಲುತ್ತವೆ ಎಂಬ ಮಾತೂ ಇದೆ. ಇದನ್ನು ಹಿಡಿದುಕೊಂಡು “ಧ್ಯಾನ ಮಾಡಿದರೆ ಸಾಕು, ಔಷಧವೇಕೆ?” ಎನ್ನುವವರಿದ್ದಾರೆ. ಆ ಮಾತನ್ನು ಹೇಳಿದ ಗ್ರಂಥವೇ ಮುಂದೆ ಚಿಕಿತ್ಸಾಸ್ಥಾನವೆಂದು ಮೂವತ್ತು ಅಧ್ಯಾಯಗಳನ್ನು ಏಕೆ ಇರಿಸಿಕೊಂಡಿತು? ನಮ್ಮ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನವರಿದ್ದರು; ರೋಗಿಗೆ ಮದ್ದು ಕೊಡುವುದೇ ಅವರ ಕಾಯಕವಾಗಿತ್ತು. ಶರಣರು ಔಷಧವನ್ನು ಹಗುರಾಗಿ ಕಂಡಿದ್ದರೆ ವೈದ್ಯನ ಕಾಯಕಕ್ಕೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನೂ ನೆನೆಯಿರಿ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಅದನ್ನು ತಿರುಗಿ ಸುರಿದು ಬರಲು ಕಳುಹಿಸಿದರು. ಕಾಯಕಕ್ಕೂ ಒಂದು ಅಳತೆಯಿದೆ ಎಂಬುದೇ ಅದರ ಪಾಠ. ಗಳಿಕೆಯಲ್ಲಿ ಅಳತೆ ಬೇಕೆಂದಮೇಲೆ ದೇಹವನ್ನು ವೆಚ್ಚ ಮಾಡುವುದರಲ್ಲಿ ಅಳತೆ ಬೇಡವೇ?

ಇನ್ನೊಂದು ಮಾತನ್ನು ಗಂಡಸರಿಗೆ ಹೇಳುತ್ತೇವೆ. ಎತ್ತು ಕುಂಟಿದರೆ ಉಳುಮೆ ನಿಲ್ಲಿಸಿ ಅದನ್ನು ದನದ ಡಾಕ್ಟರರಿಗೆ ತೋರಿಸುತ್ತೀರಿ. ಮನೆಯ ತಾಯಿ ಕುಂಟಿದರೆ? ಅವಳು ಕುಂಟುತ್ತಲೇ ನೀರು ತರುತ್ತಾಳೆ, ಕುಂಟುತ್ತಲೇ ಕಳೆ ತೆಗೆಯುತ್ತಾಳೆ. ಎತ್ತಿಗೆ ಮಾತು ಬಾರದು, ಆದರೂ ನಿಮಗೆ ಅದರ ನೋವು ತಿಳಿಯುತ್ತದೆ. ಮಾತು ಬರುವವಳ ನೋವು ತಿಳಿಯಲಿಲ್ಲವೆಂದರೆ, ಅವಳು ಹೇಳಲಿಲ್ಲ ಎಂಬುದು ಪೂರ್ತಿ ಉತ್ತರವಲ್ಲ. ಇದೇ ಮಾತು ಮೊದಲು ನಮಗೆ ಅನ್ವಯಿಸುತ್ತದೆ.

ಈಗ ಮಾಡತಕ್ಕದ್ದೇನು? ಮೂರು ತಿಂಗಳು ಮೀರಿದ ನೋವನ್ನು ಮನೆಯಲ್ಲಿ ಹೇಳಿರಿ, ವೈದ್ಯರಿಗೆ ತೋರಿಸಿರಿ. ನೀವು ನುಂಗುವ ಗುಳಿಗೆಗಳೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಇಡಿರಿ. ಬೆನ್ನುನೋವಿನೊಡನೆ ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ, ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಮೂರು ತಿಂಗಳು ಕಾಯಬೇಡಿರಿ, ಅಂದೇ ಹೋಗಿರಿ. ನೋವಿದೆಯೆಂದು ಹಾಸಿಗೆ ಹಿಡಿಯಬೇಡಿರಿ. ವೈದ್ಯರನ್ನು ಕೇಳಿ ದಿನವೂ ಇಷ್ಟಿಷ್ಟೇ ನಡೆಯಿರಿ, ತೊಡೆಯ ಸ್ನಾಯು ಬಲಗೊಳ್ಳುವ ವ್ಯಾಯಾಮ ಕಲಿಯಿರಿ. ತೂಕ ಹೆಚ್ಚಾಗಿರುವವರು 1 ಕಿಲೊ ಇಳಿಸಿದರೆ ಹೆಜ್ಜೆ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು 4 ಕಿಲೊ ಇಳಿಯುತ್ತದೆಂದು ಅಳೆದು ಹೇಳಿದ್ದಾರೆ. ನಿದ್ರೆಯ ಹೊತ್ತನ್ನು ಕಾಪಾಡಿಕೊಳ್ಳಿರಿ.

ಮಗು ಎಡವಿ ಬಿದ್ದಾಗ ತಾಯಿ ಆ ಜಾಗವನ್ನು ಉಜ್ಜುತ್ತಾಳೆ, ಮಗು ಅಳು ನಿಲ್ಲಿಸುತ್ತದೆ. ಅದು ಬರಿಯ ಸಮಾಧಾನವಲ್ಲ. ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಬೆನ್ನುಹುರಿಯಲ್ಲಿ ನೋವಿನ ದಾರಿಗೆ ಒಂದು ಬಾಗಿಲು ಇದ್ದಂತಿದೆ. ಸ್ಪರ್ಶವೂ, ಮೇಲಿನಿಂದ ಬರುವ ಮಿದುಳಿನ ಅಪ್ಪಣೆಯೂ ಆ ಬಾಗಿಲನ್ನು ಅಷ್ಟಿಷ್ಟು ಮುಚ್ಚಬಲ್ಲವು ಎಂದು ಪ್ರತಿಪಾದಿಸಿದರು. ಆದ್ದರಿಂದ ಬೆಳಗು ಬೈಗಿನ ಲಿಂಗಪೂಜೆಯಲ್ಲಿ ಉಸಿರು ನಿಧಾನವಾಗಿ, ದೃಷ್ಟಿ ಒಂದೆಡೆ ನಿಂತಾಗ ನೋವಿನ ಕಾಟ ತುಸು ತಗ್ಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಅದು ಔಷಧದ ಬದಲಿಗಲ್ಲ, ಔಷಧದ ಜೊತೆಗೆ.

ಕೊನೆಯದಾಗಿ ಮಠದ ನಿರ್ಣಯಗಳನ್ನು ಹೇಳುತ್ತೇವೆ. ದಾಸೋಹದ ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ ಕಟ್ಟಿಸಿದ್ದೇವೆ. ರೊಟ್ಟಿ ಬಡಿಯುವವರು ಇನ್ನು ನೆಲಕ್ಕೆ ಕುಳಿತುಕೊಳ್ಳಬೇಕಾಗಿಲ್ಲ. ಎರಡು ತಾಸಿಗೊಮ್ಮೆ ಪಾಳಿ ಬದಲಾಗುತ್ತದೆ; ಆ ಪಾಳಿಯಲ್ಲಿ ಗಂಡಸರೂ ಸೇರಬೇಕು. ಮೊಣಕಾಲು ಮಡಚಲಾರದವರು ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿರಿ, ಪ್ರಸಾದ ಸ್ವೀಕರಿಸಿರಿ, ಅದರಲ್ಲಿ ದೋಷವಿಲ್ಲ. ನಮ್ಮ ಪಾದಕ್ಕೆ ಬಗ್ಗಲಾರದವರು ನಿಂತಲ್ಲಿಂದಲೇ ಕೈಮುಗಿದರೆ ಸಾಕು. ಇನ್ನು ಮೇಲೆ ಈ ಪೀಠದಿಂದ, “ಇವರು ಒಂದು ದಿನವೂ ನೋವೆಂದವರಲ್ಲ” ಎಂಬ ಹೊಗಳಿಕೆ ಯಾರ ಹೆಸರಿನಲ್ಲಿಯೂ ಹೊರಡುವುದಿಲ್ಲ.

ಇಂದು ಮನೆಗೆ ಹೋದವರು, ಊಟಕ್ಕೆ ಕೂಡುವ ಮೊದಲು, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡುವವರ ಬಳಿ ಕುಳಿತು, “ನಿಮಗೆ ಎಲ್ಲಿ ನೋಯುತ್ತದೆ?” ಎಂದು ಕೇಳಿರಿ. “ಏನಿಲ್ಲ” ಎಂಬ ಉತ್ತರ ಬಂದೀತು. ಆಗ ನಮ್ಮಂತೆ ಸುಮ್ಮನಾಗಬೇಡಿರಿ, ಇನ್ನೊಮ್ಮೆ ಕೇಳಿರಿ.

ಶಿವನು ನಿಮ್ಮೆಲ್ಲರ ಕಾಯಕ್ಕೆ ಬಲವನ್ನೂ, ಬಾಯಿಗೆ ಧೈರ್ಯವನ್ನೂ, ಕಿವಿಗೆ ಕರುಣೆಯನ್ನೂ ದಯಪಾಲಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.

ಶರಣು ಶರಣಾರ್ಥಿ.